ವಕೀಲಿಕೆ ಮತ್ತು ಸಾರ್ವಜನಿಕ ನೀತಿ: ಬೆಂಗಳೂರಿನಲ್ಲಿ ಈ ದಾರಿ ಹಿಡಿಯುವವರು ಪದೇ ಪದೇ ಕೇಳುವ ಪ್ರಶ್ನೆಗಳು

ನಾನು 2003ರಲ್ಲಿ ಸನ್ನದು, ಅಂದರೆ ವಕೀಲಿಕೆಯ ಪರವಾನಗಿ, ಪಡೆದು ಬೆಂಗಳೂರಿನಲ್ಲಿ ವಕೀಲಿಕೆ ಆರಂಭಿಸಿದವಳು. ಕಳೆದ ಹದಿನೈದು ವರ್ಷಗಳಿಂದ ನ್ಯಾಯಾಲಯದ ಕೆಲಸದ ಜೊತೆಗೆ ಕಾಯ್ದೆ, ನಿಯಮ ಮತ್ತು ಸರ್ಕಾರಿ ಆದೇಶಗಳ ಕರಡುಗಳನ್ನು ಓದುವ, ಅವುಗಳಿಗೆ ಆಕ್ಷೇಪಣೆ ಬರೆಯುವ, ಸಮಿತಿಗಳ ಮುಂದೆ ಹೋಗಿ ಮಾತನಾಡುವ ಕೆಲಸವನ್ನೂ ಮಾಡುತ್ತಿದ್ದೇನೆ. ಚೇಂಬರಿಗೆ ಬರುವ ವಿದ್ಯಾರ್ಥಿಗಳು ಮತ್ತು ಕೆಲವೊಮ್ಮೆ ಅವರೊಂದಿಗೆ ಬರುವ ತಂದೆತಾಯಂದಿರು ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ ಬಗೆಯವು. ಪ್ರತಿ ವರ್ಷ ಅದೇ ಉತ್ತರಗಳನ್ನು ಹೇಳುವ ಬದಲು ಒಮ್ಮೆ ಬರೆದಿಟ್ಟರೆ ಒಳ್ಳೆಯದೆನಿಸಿ ಇಲ್ಲಿ ಕೊಟ್ಟಿದ್ದೇನೆ.

ಸಾರ್ವಜನಿಕ ನೀತಿಯ ವಕೀಲರು ಎಂದರೆ ಯಾರು? ಅದೊಂದು ಪ್ರತ್ಯೇಕ ಪದವಿಯೇ?

ಅಲ್ಲ. ವಕೀಲರ ಕಾಯ್ದೆ, 1961 ಗುರುತಿಸುವುದು ಎರಡೇ ವರ್ಗಗಳನ್ನು: ಹಿರಿಯ ವಕೀಲರು ಮತ್ತು ಇತರ ವಕೀಲರು. ನೀತಿಯ ವಕೀಲರೆಂಬ ಮೂರನೆಯ ವರ್ಗ ಕಾಯ್ದೆಯಲ್ಲಿಲ್ಲ, ಹಾಗೆಂದು ಬೋರ್ಡು ಹಾಕಿಕೊಳ್ಳುವಂತೆಯೂ ಇಲ್ಲ. ಕೆಲಸದ ಸ್ವರೂಪದಿಂದ ಮಾತ್ರ ವ್ಯತ್ಯಾಸ ತಿಳಿಯುತ್ತದೆ. ನ್ಯಾಯಾಲಯದ ವಕೀಲರ ಬಳಿ ಕಕ್ಷಿದಾರರು ಬರುವ ಹೊತ್ತಿಗೆ ಕಾನೂನು ಅಚ್ಚಾಗಿರುತ್ತದೆ, ವ್ಯಾಜ್ಯ ಹುಟ್ಟಿರುತ್ತದೆ, ಬಹುಪಾಲು ಹಾನಿಯೂ ಆಗಿಹೋಗಿರುತ್ತದೆ. ನೀತಿಯ ಕೆಲಸ ಮಾಡುವವರು ಕಾನೂನು ಇನ್ನೂ ಕರಡಾಗಿರುವಾಗ, ಒಂದು ಪದವನ್ನು ತೆಗೆಯಲು ಅಥವಾ ಸೇರಿಸಲು ಸಾಧ್ಯವಿರುವಾಗ ಹೋಗಬೇಕು. ಹಾಗೆ ಹೋದಾಗ ನಮ್ಮ ಮಾತಿಗೆ ಬೆಲೆ ಬರುವುದು, ಅದೇ ಬಗೆಯ ವಾಕ್ಯವೊಂದು ಐದು ವರ್ಷಗಳ ನಂತರ ನ್ಯಾಯಾಲಯದಲ್ಲಿ ಯಾವ ಗತಿ ಕಂಡಿತೆಂಬುದನ್ನು ಕಣ್ಣಾರೆ ಕಂಡಿದ್ದೇವೆ ಎಂಬ ಒಂದೇ ಕಾರಣಕ್ಕೆ.

ಇದು ಲಾಬಿ ಮಾಡಿದಂತಲ್ಲವೇ?

ನಮ್ಮ ದೇಶದಲ್ಲಿ ಲಾಬಿಗಾರರನ್ನು ನೋಂದಾಯಿಸುವ ಪ್ರತ್ಯೇಕ ಕಾನೂನಿಲ್ಲದ ಕಾರಣ ಗೆರೆಯನ್ನು ನಾವೇ ಎಳೆದುಕೊಳ್ಳಬೇಕು. ನಾನು ಎಳೆದುಕೊಂಡಿರುವ ಗೆರೆ ಹೀಗಿದೆ: ಸರ್ಕಾರಕ್ಕೆ ಏನನ್ನು ಹೇಳುವುದಿದ್ದರೂ ಸಹಿ ಹಾಕಿದ ಕಾಗದದಲ್ಲಿ ಹೇಳುತ್ತೇನೆ, ಯಾರ ಪರವಾಗಿ ಹೇಳುತ್ತಿದ್ದೇನೆಂದು ಮೊದಲ ಪುಟದಲ್ಲೇ ಬರೆಯುತ್ತೇನೆ. ನಾಳೆ ಯಾರಾದರೂ ಮಾಹಿತಿ ಹಕ್ಕಿನಡಿ ಆ ಕಾಗದದ ಪ್ರತಿ ತೆಗೆದುಕೊಂಡರೆ ನನಗೆ ಮುಜುಗರವಾಗಬಾರದು.

ಯಾವ ಓದು ಬೇಕು? ನಾಗರಭಾವಿಯ ಲಾ ಸ್ಕೂಲಿನಲ್ಲೇ ಓದಿರಬೇಕೇ?

ಬೇಕಾಗಿಲ್ಲ. ನ್ಯಾಷನಲ್ ಲಾ ಸ್ಕೂಲ್ ಆಫ್ ಇಂಡಿಯಾ ಯೂನಿವರ್ಸಿಟಿ ಕರ್ನಾಟಕದ 1986ರ ಕಾಯ್ದೆಯಿಂದ ಹುಟ್ಟಿದ್ದು, ಎನ್.ಆರ್. ಮಾಧವ ಮೆನನ್ ಅವರು ಸ್ಥಾಪಕ ನಿರ್ದೇಶಕರಾಗಿ ಐದು ವರ್ಷಗಳ ಸಂಯೋಜಿತ ಕಾನೂನು ಶಿಕ್ಷಣದ ಮಾದರಿಯನ್ನು ದೇಶಕ್ಕೆ ತೋರಿಸಿಕೊಟ್ಟರು ಎಂಬುದು ಸರಿ. ಅಲ್ಲಿ 2014ರಿಂದ ಸಾರ್ವಜನಿಕ ನೀತಿಯಲ್ಲಿ ಸ್ನಾತಕೋತ್ತರ ಪದವಿಯೂ ಇದೆ. ಆದರೆ ಈ ಊರಿನ ನ್ಯಾಯಾಲಯಗಳನ್ನು ತುಂಬಿರುವವರಲ್ಲಿ ಹೆಚ್ಚಿನವರು ರೇಣುಕಾಚಾರ್ಯ, ಬಿ.ಎಂ.ಎಸ್., ವಿಶ್ವವಿದ್ಯಾಲಯದ ಕಾನೂನು ಕಾಲೇಜು ಇಂಥ ಕಡೆಗಳಲ್ಲಿ, ಇಲ್ಲವೇ ತಮ್ಮ ತಮ್ಮ ಜಿಲ್ಲೆಗಳಲ್ಲಿ ಮೂರು ವರ್ಷದ ಎಲ್‌ಎಲ್‌ಬಿ ಓದಿ ಬಂದವರು. ನಾನೂ ಹಾಗೆಯೇ ಬಂದೆ. ಕಾಲೇಜಿನ ಹೆಸರು ಮೊದಲ ಕೆಲಸ ಸಿಗುವಾಗ ನೆರವಾಗುತ್ತದೆ, ಮೂರನೆಯ ವರ್ಷದ ನಂತರ ಯಾರೂ ಕೇಳುವುದಿಲ್ಲ.

ಕಾನೂನಿನ ಹೊರಗೆ ಎರಡು ವಿಷಯಗಳನ್ನು ಓದಿಕೊಳ್ಳಿ ಎನ್ನುತ್ತೇನೆ: ರಾಜ್ಯದ ಆಯವ್ಯಯ ಪತ್ರ ಮತ್ತು ಲೆಕ್ಕಪರಿಶೋಧಕರ ವರದಿ. ಎಷ್ಟೇ ಚೆಂದದ ನಿಯಮ ಬರೆದರೂ ಅದನ್ನು ಜಾರಿ ಮಾಡಬೇಕಾದ ಅಧಿಕಾರಿಯ ಹುದ್ದೆಯೇ ಖಾಲಿ ಇದ್ದರೆ ಆ ನಿಯಮ ರಾಜ್ಯಪತ್ರದಲ್ಲೇ (ಸರ್ಕಾರದ ಗೆಜೆಟ್) ಉಳಿಯುತ್ತದೆ.

ಸನ್ನದು ಪಡೆಯಲು ಎಷ್ಟು ಖರ್ಚಾಗುತ್ತದೆ?

ನಾವು ನೋಂದಣಿ ಮಾಡಿಸಿಕೊಂಡ ಕಾಲದಲ್ಲಿ ಹತ್ತಾರು ಶೀರ್ಷಿಕೆಗಳಡಿ ಹಣ ಕಟ್ಟಬೇಕಿತ್ತು. 2024ರ ಜುಲೈ 30ರಂದು ಸುಪ್ರೀಂ ಕೋರ್ಟ್ ಗೌರವ್ ಕುಮಾರ್ ಪ್ರಕರಣದಲ್ಲಿ, ವಕೀಲರ ಕಾಯ್ದೆಯ 24ನೇ ಸೆಕ್ಷನ್ನಿನಲ್ಲಿ ಹೇಳಿರುವುದಕ್ಕಿಂತ ಹೆಚ್ಚು ನೋಂದಣಿ ಶುಲ್ಕವನ್ನು ವಕೀಲರ ಪರಿಷತ್ತುಗಳು ವಸೂಲು ಮಾಡುವಂತಿಲ್ಲ ಎಂದಿತು. ಅದರಂತೆ ಸಾಮಾನ್ಯ ವರ್ಗದವರಿಗೆ 750 ರೂಪಾಯಿ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ 125 ರೂಪಾಯಿ. ನೋಂದಣಿಯ ನಂತರ ಅಖಿಲ ಭಾರತ ವಕೀಲರ ಪರೀಕ್ಷೆಯನ್ನು ಪಾಸು ಮಾಡಬೇಕು. ಅದನ್ನು ಕನ್ನಡದಲ್ಲೂ ಬರೆಯಬಹುದು.

ಈ ಪ್ರಕರಣವನ್ನೇ ಒಂದು ಪಾಠವಾಗಿ ಓದಿ ಎಂದು ವಿದ್ಯಾರ್ಥಿಗಳಿಗೆ ಹೇಳುತ್ತೇನೆ. ಶುಲ್ಕದ ಮೊತ್ತ ಕಾಯ್ದೆಯ ಪಠ್ಯದಲ್ಲಿ ದಶಕಗಳಿಂದ ಇತ್ತು. ಆ ವಾಕ್ಯವನ್ನು ಹಿಡಿದು ಕೇಳುವವರು ಬೇಕಿತ್ತು, ಅಷ್ಟೇ.

ನನಗೆ ನೀತಿಯಲ್ಲಿ ಮಾತ್ರ ಆಸಕ್ತಿ. ಮೊದಲ ಕೆಲವು ವರ್ಷಗಳನ್ನು ಕೋರ್ಟಿನಲ್ಲೇ ಕಳೆಯಬೇಕೇ?

ಕಡ್ಡಾಯವಲ್ಲ, ಆದರೆ ಕಳೆಯಿರಿ ಎಂದೇ ನನ್ನ ಸಲಹೆ. ಕಾರಣವನ್ನು ನನ್ನದೇ ಅನುಭವದಿಂದ ಹೇಳುತ್ತೇನೆ.

ನನಗೆ ಕೆಲಸ ಕಲಿಸಿದ ಹಿರಿಯರ ಚೇಂಬರು ಗಾಂಧಿನಗರದಲ್ಲಿ, ಒಂದು ಟೈಪಿಂಗ್ ಅಂಗಡಿಯ ಮೇಲಿನ ಮಹಡಿಯಲ್ಲಿತ್ತು. ಬೆಳಿಗ್ಗೆ ಒಂಬತ್ತಕ್ಕೆ ಹೋಗಿ ಅಂದಿನ ವಿಚಾರಣೆಗಳ ಪಟ್ಟಿಯಾದ ಕಾಸ್ ಲಿಸ್ಟಿನಲ್ಲಿ ನಮ್ಮ ಪ್ರಕರಣಗಳಿಗೆ ಗೆರೆ ಎಳೆದು, ಕಡತಗಳನ್ನು ಕೋರ್ಟ್ ಹಾಲಿನ ಕ್ರಮದಲ್ಲಿ ಜೋಡಿಸಿಕೊಂಡು, ಹತ್ತೂವರೆಯ ಹೊತ್ತಿಗೆ ಕೆಂಪೇಗೌಡ ರಸ್ತೆಯ ಸಿಟಿ ಸಿವಿಲ್ ಕೋರ್ಟಿಗೋ ಹೈಕೋರ್ಟಿಗೋ ಓಡುವುದು ನನ್ನ ಕೆಲಸ. ಮೊದಲ ವರ್ಷ ನಾನು ನ್ಯಾಯಾಧೀಶರ ಮುಂದೆ ಆಡಿದ ಮಾತುಗಳಲ್ಲಿ ಹೆಚ್ಚಿನವು 'ನಮ್ಮ ಹಿರಿಯರು ಬೇರೆ ಹಾಲಿನಲ್ಲಿದ್ದಾರೆ, ದಯವಿಟ್ಟು ಪಾಸ್ ಓವರ್ ಕೊಡಬೇಕು', ಅಂದರೆ ನಮ್ಮ ಪ್ರಕರಣವನ್ನು ಸ್ವಲ್ಪ ಹೊತ್ತು ಬಿಟ್ಟು ಕರೆಯಬೇಕು, ಎಂಬುದೇ ಆಗಿತ್ತು.

2004ರಲ್ಲಿ ಒಬ್ಬ ಹೆಂಗಸು ಬಂದರು. ಮನೆಯ ಹಿಂದಿನ ಶೆಡ್ಡಿನಲ್ಲಿ ಹಪ್ಪಳ, ಸಂಡಿಗೆ ಮಾಡಿ ಅಂಗಡಿಗಳಿಗೆ ಹಾಕುತ್ತಿದ್ದವರು. ಪರವಾನಗಿಗೆ ಅರ್ಜಿ ಕೊಟ್ಟು ಹದಿನಾಲ್ಕು ತಿಂಗಳಾಗಿತ್ತು, ಮಂಜೂರೂ ಇಲ್ಲ, ತಿರಸ್ಕಾರವೂ ಇಲ್ಲ. ಅರ್ಜಿಯ ಸ್ವೀಕೃತಿ ಚೀಟಿಯನ್ನು ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿ, ಸೆರಗಿನ ತುದಿಗೆ ಕಟ್ಟಿಕೊಂಡು ತಂದಿದ್ದರು. ಅಧಿಕಾರಿಗೆ ಆದೇಶ ಕೊಡಿ ಎಂದು ಹಿರಿಯರು ಹೈಕೋರ್ಟಿನಲ್ಲಿ ರಿಟ್ ಅರ್ಜಿ ಹಾಕಿದರು. 'ಎಂಟು ವಾರಗಳೊಳಗೆ ಕಾನೂನಿನ ಪ್ರಕಾರ ಪರಿಗಣಿಸಿ' ಎಂಬ ಒಂದು ಪುಟದ ಆದೇಶ ಬಂತು, ಪರವಾನಗಿಯೂ ಸಿಕ್ಕಿತು. ಆಕೆ ಒಂದು ಡಬ್ಬಿ ಸಂಡಿಗೆ ತಂದುಕೊಟ್ಟರು. ನಮಗೆಲ್ಲ ಗೆದ್ದ ಸಂಭ್ರಮ.

ಮುಂದಿನ ಎರಡು ವರ್ಷಗಳಲ್ಲಿ ಅದೇ ಬಗೆಯ ಹದಿನೇಳು ಅರ್ಜಿಗಳನ್ನು ನಾನೇ ಟೈಪು ಮಾಡಿಸಿದೆ. ಹೆಸರು, ವಿಳಾಸ, ದಿನಾಂಕ ಬದಲಾಯಿಸಿದರೆ ಸಾಕು, ಉಳಿದದ್ದೆಲ್ಲ ಒಂದೇ, ಕೊನೆಗೆ ಬರುವ ಆದೇಶವೂ ಒಂದೇ. ಹದಿನೆಂಟನೆಯವರು ಬಂದ ದಿನ ಹಿರಿಯರು, 'ನೋಡಮ್ಮ, ಆ ನಿಯಮದಲ್ಲಿ ಇಂತಿಷ್ಟು ದಿನದೊಳಗೆ ಅಂತ ಒಂದು ಸಾಲು ಇದ್ದಿದ್ದರೆ ನಮಗೆ ಇಷ್ಟು ಫೀಸು ಬರ್ತಿರಲಿಲ್ಲ' ಎಂದು ನಕ್ಕರು. ಅವರು ತಮಾಷೆಗೆ ಅಂದದ್ದು ನನ್ನ ತಲೆಯಲ್ಲಿ ಉಳಿಯಿತು.

ಆ ಸಾಲು ಮುಂದೆ ಬೇರೊಂದು ರೂಪದಲ್ಲಿ ಬಂತು. ಕರ್ನಾಟಕ ಸಕಾಲ ಸೇವೆಗಳ ಕಾಯ್ದೆ, 2011 ಸರ್ಕಾರಿ ಸೇವೆಗಳಿಗೆ ದಿನಗಳ ಮಿತಿ ಹಾಕಿತು. ತಡವಾದರೆ ದಿನಕ್ಕೆ 20 ರೂಪಾಯಿಯಂತೆ ಗರಿಷ್ಠ 500 ರೂಪಾಯಿಯವರೆಗೆ ಪರಿಹಾರವನ್ನೂ ಹೇಳಿತು. 'ಇಂದು ನಾಳೆ ಇನ್ನಿಲ್ಲ, ಹೇಳಿದ ದಿನ ತಪ್ಪೊಲ್ಲ' ಎಂಬ ಅದರ ಘೋಷವಾಕ್ಯ ನಿಮಗೂ ನೆನಪಿರಬಹುದು. ಆ ಕಾಯ್ದೆ ಹೇಳಿದ್ದನ್ನೆಲ್ಲ ಮಾಡಿದೆಯೇ ಎಂಬುದು ಬೇರೆ ಚರ್ಚೆ. ಆದರೆ ಕಾಲಮಿತಿ ಎಂಬ ಪದ ಅರ್ಜಿದಾರರ ಕೈಗೆ ಒಂದು ಹಿಡಿಕೆ ಕೊಟ್ಟಿತೆಂಬುದನ್ನು ಹದಿನೇಳು ಅರ್ಜಿ ಬರೆದವಳಾಗಿ ನಾನು ಹೇಳಬಲ್ಲೆ.

ಆರಂಭದಲ್ಲಿ ಸಂಪಾದನೆ ಎಷ್ಟಿರುತ್ತದೆ?

ಕಡಿಮೆ. ಭಾರತೀಯ ವಕೀಲರ ಪರಿಷತ್ತು 2024ರ ಅಕ್ಟೋಬರಿನಲ್ಲಿ ಹೊರಡಿಸಿದ ಸುತ್ತೋಲೆಯಲ್ಲಿ ಕಿರಿಯ ವಕೀಲರಿಗೆ ತಿಂಗಳಿಗೆ ನಗರ ಪ್ರದೇಶದಲ್ಲಿ ಕನಿಷ್ಠ 20,000 ಮತ್ತು ಗ್ರಾಮೀಣ ಪ್ರದೇಶದಲ್ಲಿ 15,000 ರೂಪಾಯಿ ಸ್ಟೈಪೆಂಡ್ ಕೊಡಿ ಎಂದಿದೆ. ಅದು ಶಿಫಾರಸು, ಆಜ್ಞೆಯಲ್ಲ. ಬೆಂಗಳೂರಿನ ಪೇಯಿಂಗ್ ಗೆಸ್ಟ್ ಬಾಡಿಗೆ, ಊಟ, ಮೆಟ್ರೋ ಪಾಸು ಇಷ್ಟನ್ನು ಲೆಕ್ಕ ಹಾಕಿದರೆ ಆ ಮೊತ್ತವೂ ಎಲ್ಲಿಗೂ ಸಾಲದು. ಮನೆಯಿಂದ ನೆರವಿಲ್ಲದ ಮಕ್ಕಳು ಎರಡನೇ ವರ್ಷಕ್ಕೇ ಕಂಪನಿ ಕೆಲಸ ಹುಡುಕಿಕೊಳ್ಳುವುದನ್ನು ನೋಡಿ ನನಗೆ ಬೇಸರವಾಗುತ್ತದೆಯೇ ಹೊರತು ಅವರ ಮೇಲೆ ಸಿಟ್ಟಿಲ್ಲ. ಈ ವೃತ್ತಿ ಯಾರನ್ನು ಉಳಿಸಿಕೊಳ್ಳುತ್ತದೆ, ಯಾರನ್ನು ಹೊರಗೆ ಕಳುಹಿಸುತ್ತದೆ ಎಂಬುದೂ ಒಂದು ನೀತಿಯ ಪ್ರಶ್ನೆಯೇ.

ವಕೀಲಿಕೆ ಮಾಡುತ್ತಲೇ ನೀತಿ ಸಂಶೋಧನಾ ಸಂಸ್ಥೆಯಲ್ಲಿ ನೌಕರಿ ಮಾಡಬಹುದೇ?

ಪೂರ್ಣಾವಧಿ ಸಂಬಳದ ನೌಕರಿಯಾದರೆ ಆಗದು. ಭಾರತೀಯ ವಕೀಲರ ಪರಿಷತ್ತಿನ ನಿಯಮಗಳಲ್ಲಿ 49ನೆಯದು ಅದನ್ನು ತಡೆಯುತ್ತದೆ. ನೌಕರಿಗೆ ಸೇರುವವರು ರಾಜ್ಯ ಪರಿಷತ್ತಿಗೆ ತಿಳಿಸಿ ಸನ್ನದನ್ನು ಅಮಾನತಿನಲ್ಲಿಡಬೇಕು, ನೌಕರಿ ಬಿಟ್ಟ ಮೇಲೆ ಮತ್ತೆ ವಕೀಲಿಕೆಗೆ ಮರಳಬಹುದು. ಇದನ್ನು ಸಣ್ಣ ವಿಷಯವೆಂದು ತಿಳಿದು ಎರಡು ದೋಣಿಯಲ್ಲಿ ಕಾಲಿಟ್ಟವರು ಮುಂದೆ ನ್ಯಾಯಾಂಗ ಸೇವೆಯ ಅರ್ಜಿ ತುಂಬುವಾಗಲೋ ಸರ್ಕಾರಿ ವಕೀಲರ ಹುದ್ದೆಗೆ ಹೆಸರು ಬಂದಾಗಲೋ ಪರದಾಡಿದ್ದುಂಟು. ಒಂದೊಂದು ವರದಿಗೆ ಇಷ್ಟು ಶುಲ್ಕವೆಂದು ಒಪ್ಪಿಕೊಂಡು ಕೆಲಸ ಮಾಡಿಕೊಡಲು ಅಡ್ಡಿಯಿಲ್ಲ, ನಾನು ಮಾಡುತ್ತಿರುವುದು ಅದನ್ನೇ.

ಸಂಸ್ಥೆಗಳ ವಿಷಯದಲ್ಲಿ ಬೆಂಗಳೂರಿಗೆ ಕೊರತೆಯಿಲ್ಲ. ನ್ಯಾಯಾಲಯಗಳ ವಿಳಂಬವನ್ನು ಅಂಕಿಸಂಖ್ಯೆಗಳ ಮೂಲಕ ಅಧ್ಯಯನ ಮಾಡುವ ದಕ್ಷ್ ಇಲ್ಲಿಯದೇ. ವಿಧಿ ಸೆಂಟರ್ ಫಾರ್ ಲೀಗಲ್ ಪಾಲಿಸಿಗೆ ಇಲ್ಲಿ ಕಚೇರಿಯಿದೆ. ನೀತಿಯ ಪಾಠ ಹೇಳುವ ತಕ್ಷಶಿಲಾ ಇದೆ. ಇನ್ನು ಸುಮಾರು ಒಂದು ವರ್ಷ ಸಂಸದರೊಬ್ಬರ ಜೊತೆ ಕೆಲಸ ಮಾಡಬಯಸುವವರಿಗೆ, ಮಸೂದೆಗಳನ್ನು ಅಧ್ಯಯನ ಮಾಡುವ ದೆಹಲಿಯ ಪಿಆರ್‌ಎಸ್ ಸಂಸ್ಥೆ ನಡೆಸುವ ಲ್ಯಾಂಪ್ ಫೆಲೋಶಿಪ್ ಇದೆ. ಹೋಗಿ ಬಂದ ನನ್ನ ಜೂನಿಯರ್ ಒಬ್ಬಳು, 'ಮೇಡಂ, ಮಸೂದೆಗಳನ್ನ ಎಷ್ಟು ಅವಸರದಲ್ಲಿ ಓದ್ತಾರೆ ಅಂತ ಗೊತ್ತಾದ ಮೇಲೆ ನನಗೆ ನಿದ್ದೆ ಬರಲಿಲ್ಲ' ಎಂದಿದ್ದಳು.

ಸಾರ್ವಜನಿಕ ಹಿತಾಸಕ್ತಿ ಅರ್ಜಿ ಹಾಕಿ ಗೆದ್ದರೆ ಸಾಲದೇ? ಕರಡು, ಸಮಿತಿ ಎಂದು ಏಕೆ ಅಲೆಯಬೇಕು?

ಎಲ್ಲಕ್ಕಿಂತ ಹೆಚ್ಚು ಬಾರಿ ಕೇಳುವ ಪ್ರಶ್ನೆ ಇದು. ಹೈಕೋರ್ಟಿನ ಶಕ್ತಿಯನ್ನು ನಾನು ಕಡಿಮೆ ಮಾಡಿ ಹೇಳುತ್ತಿಲ್ಲ. ನಾವು ದಿನವೂ ಮೆಟ್ಟಿಲು ಹತ್ತುವ ಹೈಕೋರ್ಟಿನ ಕೆಂಪು ಬಣ್ಣದ ಕಟ್ಟಡವಾದ ಅಠಾರ ಕಚೇರಿಯನ್ನೇ 1980ರ ದಶಕದಲ್ಲಿ ಕೆಡವುವ ಪ್ರಸ್ತಾವವಿತ್ತು, ಅದನ್ನು ನ್ಯಾಯಾಲಯದಲ್ಲಿ ಪ್ರಶ್ನಿಸಿದ್ದರಿಂದ ಕಟ್ಟಡ ಉಳಿಯಿತು. ಆದರೂ ಒಂದು ತೀರ್ಪು ಎಲ್ಲಿಯವರೆಗೆ ನಿಲ್ಲುತ್ತದೆ ಎಂಬುದಕ್ಕೆ ನಮ್ಮ ಕೆರೆಗಳ ಕಥೆಯನ್ನು ನೋಡಿ.

ಬೆಳ್ಳಂದೂರು ಮತ್ತು ಅಗರ ಕೆರೆಗಳ ಪಕ್ಕದ ನಿರ್ಮಾಣಗಳ ವಿರುದ್ಧ ನಾಗರಿಕ ಸಂಘಟನೆಗಳು ರಾಷ್ಟ್ರೀಯ ಹಸಿರು ನ್ಯಾಯಮಂಡಳಿಗೆ ಹೋದವು. 2016ರ ಮೇ 4ರಂದು ಮಂಡಳಿ ಆ ಎರಡು ಯೋಜನೆಗಳ ಬಗ್ಗೆ ಆದೇಶ ಮಾಡಿದ್ದಲ್ಲದೆ, ಬೆಂಗಳೂರಿನ ಎಲ್ಲ ಕೆರೆಗಳಿಗೂ ಅನ್ವಯಿಸುವಂತೆ ಸುತ್ತ ಕಟ್ಟಡ ಕಟ್ಟದೆ ಬಿಡಬೇಕಾದ ಮೀಸಲು ಪ್ರದೇಶವನ್ನು 75 ಮೀಟರಿಗೆ ಏರಿಸಿತು. ರಾಜಕಾಲುವೆಗಳಿಗೂ ಅವುಗಳ ದರ್ಜೆಗೆ (ಪ್ರಾಥಮಿಕ, ದ್ವಿತೀಯ, ತೃತೀಯ) ತಕ್ಕಂತೆ ಕ್ರಮವಾಗಿ 50, 35, 25 ಮೀಟರುಗಳೆಂದು ನಿಗದಿಯಾಯಿತು. ಅದಕ್ಕೆ ಮುಂಚೆ ಬೆಂಗಳೂರಿನ 2015ರ ಪರಿಷ್ಕೃತ ಮಾಸ್ಟರ್ ಪ್ಲಾನಿನಲ್ಲಿ ಕೆರೆಗೆ ಇದ್ದದ್ದು 30 ಮೀಟರ್. ಆ ವಾರ ವಕೀಲರ ಸಂಘದ ಕ್ಯಾಂಟೀನಿನಲ್ಲಿ ನಮ್ಮ ಮೇಜಿನ ಸುತ್ತ ಎಷ್ಟು ಉತ್ಸಾಹವಿತ್ತೆಂದರೆ, ಕಾಫಿ ತಣ್ಣಗಾದದ್ದು ಯಾರಿಗೂ ತಿಳಿಯಲಿಲ್ಲ.

2019ರ ಮಾರ್ಚ್ 5ರಂದು ಸುಪ್ರೀಂ ಕೋರ್ಟ್ ಆ ಸಾಮಾನ್ಯ ನಿರ್ದೇಶನವನ್ನು ತೆಗೆದುಹಾಕಿತು. ಕೆರೆಗಳಿಗೆ 75 ಮೀಟರ್ ಬೇಡವೆಂಬುದು ಅದರ ಕಾರಣವಾಗಿರಲಿಲ್ಲ. ಮಾಸ್ಟರ್ ಪ್ಲಾನ್ ಎಂಬುದು ಕರ್ನಾಟಕ ಪಟ್ಟಣ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆ, 1961ರ ಅಡಿಯಲ್ಲಿ ರೂಪುಗೊಂಡ ಶಾಸನಬದ್ಧ ದಾಖಲೆ, ಅದನ್ನು ಬದಲಾಯಿಸುವ ಅಧಿಕಾರ ನ್ಯಾಯಮಂಡಳಿಗೆ ಇಲ್ಲ ಎಂಬುದು ತೀರ್ಪಿನ ತಿರುಳು. ಕಾನೂನಿನ ದೃಷ್ಟಿಯಿಂದ ಆ ತರ್ಕವನ್ನು ಅಲ್ಲಗಳೆಯುವುದು ಕಷ್ಟ. ಮೂರು ವರ್ಷ 75 ಮೀಟರಿನ ಮೇಲೆ ನಂಬಿಕೆಯಿಟ್ಟು ಕುಳಿತಿದ್ದ ನಾವು, ಆ ಮೂರು ವರ್ಷಗಳಲ್ಲಿ ಮಾಸ್ಟರ್ ಪ್ಲಾನಿನ ಪಠ್ಯವನ್ನು ತಿದ್ದಿಸಲು ಎಷ್ಟು ಓಡಾಡಿದೆವು ಎಂದು ಯಾರಾದರೂ ಕೇಳಿದರೆ ನನ್ನ ಬಳಿ ಹೇಳಿಕೊಳ್ಳುವಂಥ ಉತ್ತರವಿಲ್ಲ. ಒಂದು ಯೋಜನೆಯ ವಲಯ ನಿಯಮಾವಳಿಯಲ್ಲಿರುವ ಒಂದು ಅಂಕಿ, ಅದನ್ನು ಮುಟ್ಟದೆ ಬಂದ ನೂರು ಪುಟದ ಆದೇಶಕ್ಕಿಂತ ಗಟ್ಟಿ ಎಂಬುದನ್ನು ನಾನು ಕಲಿತದ್ದು ಆ ದಿನ. ಅಂದಿನಿಂದ ಅರ್ಜಿ ಹಾಕುವ ಮುನ್ನ, ಗೆದ್ದರೆ ಯಾವ ಪಠ್ಯ ಬದಲಾಗಬೇಕು, ಅದನ್ನು ಬದಲಾಯಿಸುವ ಅಧಿಕಾರ ಯಾರದು ಎಂದು ಒಂದು ಹಾಳೆಯಲ್ಲಿ ಬರೆದುಕೊಳ್ಳುತ್ತೇನೆ.

ಹಾಗಿದ್ದರೆ ತೀರ್ಪಿನಿಂದ ಕಾನೂನು ಬಂದದ್ದೇ ಇಲ್ಲವೇ?

ಬಂದಿದೆ, ಆದರೆ ಕಾಯಬೇಕು. ಕೆಲಸದ ಸ್ಥಳದಲ್ಲಿನ ಲೈಂಗಿಕ ಕಿರುಕುಳದ ಬಗ್ಗೆ ವಿಶಾಖಾ ತೀರ್ಪು 1997ರದು, ಕಾಯ್ದೆ ಬಂದದ್ದು 2013ರಲ್ಲಿ. ಶಿಕ್ಷಣದ ಹಕ್ಕಿನ ಕಥೆ ಶುರುವಾದದ್ದಂತೂ ಕರ್ನಾಟಕದಿಂದಲೇ. ಇಲ್ಲಿನ ಖಾಸಗಿ ವೈದ್ಯಕೀಯ ಕಾಲೇಜಿನಲ್ಲಿ ಹೊರ ರಾಜ್ಯದವರಿಗೆ ವರ್ಷಕ್ಕೆ 60,000 ರೂಪಾಯಿ ಶುಲ್ಕ ಎಂಬುದನ್ನು ಪ್ರಶ್ನಿಸಿದ ಮೋಹಿನಿ ಜೈನ್ ಪ್ರಕರಣದಲ್ಲಿ 1992ರಲ್ಲಿ ಸುಪ್ರೀಂ ಕೋರ್ಟ್ ಶಿಕ್ಷಣವನ್ನು ಮೂಲಭೂತ ಹಕ್ಕೆಂದಿತು. ಮರುವರ್ಷ ಉನ್ನಿಕೃಷ್ಣನ್ ತೀರ್ಪು ಅದನ್ನು ಹದಿನಾಲ್ಕು ವರ್ಷದವರೆಗಿನ ಮಕ್ಕಳಿಗೆ ಸೀಮಿತಗೊಳಿಸಿತು. 2002ರಲ್ಲಿ ಸಂವಿಧಾನಕ್ಕೆ 86ನೇ ತಿದ್ದುಪಡಿಯಾಗಿ 21ಎ ವಿಧಿ ಸೇರಿತು, 2009ರಲ್ಲಿ ಕಾಯ್ದೆಯಾಯಿತು, 2010ರ ಏಪ್ರಿಲ್ 1ರಿಂದ ಜಾರಿಗೆ ಬಂತು. ಹದಿನೆಂಟು ವರ್ಷ.

ಕಥೆ ಅಲ್ಲಿಗೂ ಮುಗಿಯಲಿಲ್ಲ. ಖಾಸಗಿ ಶಾಲೆಗಳಲ್ಲಿ ಶೇ. 25 ಸೀಟುಗಳನ್ನು ಬಡ ಮತ್ತು ಹಿಂದುಳಿದ ಮಕ್ಕಳಿಗೆ ಕೊಡಬೇಕೆಂಬ ಉಪಬಂಧವನ್ನು ನಂಬಿ ನಮ್ಮ ಊರಿನ ಎಷ್ಟೋ ತಂದೆತಾಯಂದಿರು ಅರ್ಜಿ ಹಾಕುತ್ತಿದ್ದರು. 2019ರ ಆರಂಭದಲ್ಲಿ ರಾಜ್ಯ ಸರ್ಕಾರ ತನ್ನ ನಿಯಮಗಳಿಗೆ ತಿದ್ದುಪಡಿ ತಂದು, ನೆರೆಹೊರೆಯಲ್ಲಿ ಸರ್ಕಾರಿ ಅಥವಾ ಅನುದಾನಿತ ಶಾಲೆಯಿದ್ದರೆ ಅನುದಾನರಹಿತ ಶಾಲೆ ಆ ಸೀಟುಗಳನ್ನು ಕೊಡಬೇಕಿಲ್ಲ ಎಂದಿತು, ಅದೇ ವರ್ಷ ಹೈಕೋರ್ಟ್ ತಿದ್ದುಪಡಿಯನ್ನು ಎತ್ತಿಹಿಡಿಯಿತು. ಸರ್ಕಾರಿ ಶಾಲೆಗಳು ಖಾಲಿಯಾಗುತ್ತಿವೆ ಎಂಬ ಸರ್ಕಾರದ ಆತಂಕ ಸುಳ್ಳಲ್ಲ. ಆದರೂ ಸಂಸತ್ತು ಮಾಡಿದ ಕಾಯ್ದೆಯ ಬಹುಮುಖ್ಯ ಭಾಗವೊಂದರ ಅರ್ಥ ರಾಜ್ಯದ ಒಂದು ನಿಯಮದಿಂದ ಬದಲಾಗಬಹುದೆಂಬುದು ಎಷ್ಟು ಪೋಷಕರಿಗೆ ಮೊದಲೇ ತಿಳಿದಿತ್ತು?

ಕರಡಿಗೆ ಆಕ್ಷೇಪಣೆ ಬರೆಯುವುದು ಹೇಗೆ?

ಕೆಲವು ಕಾಯ್ದೆಗಳಲ್ಲಿ ನಿಯಮಗಳನ್ನು ಪೂರ್ವ ಪ್ರಕಟಣೆಯ ನಂತರವೇ ಮಾಡತಕ್ಕದ್ದು ಎಂದಿರುತ್ತದೆ. ಆಗ ಕರಡು ಕರ್ನಾಟಕ ರಾಜ್ಯಪತ್ರದಲ್ಲಿ ಬರುತ್ತದೆ, ಸಾಮಾನ್ಯವಾಗಿ ಮೂವತ್ತು ದಿನಗಳೊಳಗೆ ಆಕ್ಷೇಪಣೆ ಮತ್ತು ಸಲಹೆಗಳನ್ನು ಕಳುಹಿಸಬೇಕು. ಸರ್ಕಾರ ಅವುಗಳನ್ನು ಪರಿಗಣಿಸಬೇಕು, ಒಪ್ಪಲೇಬೇಕೆಂದಿಲ್ಲ.

ನಾನು ಕರಡನ್ನು ಕೆಂಪು ಮತ್ತು ನೀಲಿ ಪೆನ್ಸಿಲು ಹಿಡಿದು ಓದುತ್ತೇನೆ. 'ತಕ್ಕದ್ದು' ಎಂದು ಮುಗಿಯುವ ವಾಕ್ಯಗಳಿಗೆ ಕೆಂಪು, 'ಬಹುದು' ಎಂದು ಮುಗಿಯುವವಕ್ಕೆ ನೀಲಿ. ನಾಗರಿಕರ ಕರ್ತವ್ಯಗಳೆಲ್ಲ ಕೆಂಪಾಗಿ, ಅಧಿಕಾರಿಗಳ ಕರ್ತವ್ಯಗಳೆಲ್ಲ ನೀಲಿಯಾಗಿ ಕಂಡರೆ ಆ ಕರಡಿನ ಸ್ವಭಾವ ಅರ್ಥವಾಗಿಬಿಡುತ್ತದೆ. ಉದಾಹರಣೆಗೆ ಇಂಥದೊಂದು ವಾಕ್ಯವಿದೆ ಎಂದುಕೊಳ್ಳಿ: 'ಸಕ್ಷಮ ಪ್ರಾಧಿಕಾರಿಯು ಅರ್ಜಿಯನ್ನು ಸ್ವೀಕರಿಸಿದ ತರುವಾಯ ತಾನು ಸೂಕ್ತವೆಂದು ಭಾವಿಸುವಂಥ ಅವಧಿಯೊಳಗೆ ಅದನ್ನು ತೀರ್ಮಾನಿಸಬಹುದು.' ಇದರಲ್ಲಿ ಪ್ರಾಧಿಕಾರಿಯ ಮೇಲೆ ಯಾವ ಹೊಣೆಯೂ ಇಲ್ಲ. ಇದು ಅನ್ಯಾಯ, ಜನವಿರೋಧಿ ಎಂದು ಎರಡು ಪುಟ ಬರೆದರೆ ಟಿಪ್ಪಣಿ ಬರೆಯುವ ಅಧಿಕಾರಿಗೆ ಮಾಡಲು ಏನೂ ಇರುವುದಿಲ್ಲ. ಬದಲಿಗೆ ಆ ವಾಕ್ಯವನ್ನೇ ತಿದ್ದಿ ಕೊಡಿ: 'ಅರ್ಜಿಯನ್ನು ಸ್ವೀಕರಿಸಿದ ದಿನಾಂಕದಿಂದ ಮೂವತ್ತು ದಿನಗಳೊಳಗೆ ತೀರ್ಮಾನಿಸತಕ್ಕದ್ದು, ಪರಂತು, ಅರ್ಜಿಯನ್ನು ತಿರಸ್ಕರಿಸುವುದಾದಲ್ಲಿ ಕಾರಣಗಳನ್ನು ಲಿಖಿತದಲ್ಲಿ ತಿಳಿಸತಕ್ಕದ್ದು.' ಅಧಿಕಾರಿ ಒಪ್ಪಿದರೆ ಅದನ್ನು ಹಾಗೆಯೇ ಕಡತದಲ್ಲಿ ಎತ್ತಿಕೊಳ್ಳಬಹುದು. ಮುಂದೆ ಅದು ಸಂಸದೀಯ ವ್ಯವಹಾರಗಳು ಮತ್ತು ಶಾಸನ ರಚನೆ ಇಲಾಖೆಯ ಪರಿಶೀಲನೆಗೆ ಹೋದಾಗ ಭಾಷೆಯ ಕಾರಣಕ್ಕೆ ವಾಪಸು ಬರುವ ಸಂಭವವೂ ಕಡಿಮೆ.

ತಲುಪಿಸುವ ವಿಷಯದಲ್ಲಿ ನಾನೊಮ್ಮೆ ಕೆಟ್ಟೆ. ಇಲಾಖೆಯೊಂದರ ಕರಡಿಗೆ ನಲವತ್ತು ಪುಟದ ಆಕ್ಷೇಪಣೆ ಬರೆದು ಮೂವತ್ತನೆಯ ದಿನ ಸಂಜೆ ನಾಲ್ಕು ಮುಕ್ಕಾಲಿಗೆ ಟಪಾಲು ವಿಭಾಗಕ್ಕೆ ಹೋದೆ. ಗುಮಾಸ್ತರು, 'ನಾಳೆ ಬನ್ನಿ ಮೇಡಂ, ಇವತ್ತಿನದು ಎಂಟ್ರಿ ಮುಗೀತು' ಎಂದರು. ನಾನು ಬಿಡದೆ ಒತ್ತಾಯ ಮಾಡಿದೆ. ಅವರು ಮೊಹರು ಒತ್ತಿ ಕೊಟ್ಟರು, ನಾನು ಗೆದ್ದೆನೆಂದು ಮೆಟ್ಟಿಲಿಳಿದು ಆಟೋ ಹತ್ತಿದ ಮೇಲೆ ನೋಡಿದರೆ ದಿನಾಂಕದ ಚಕ್ರವನ್ನು ಆಗಲೇ ಮರುದಿನಕ್ಕೆ ತಿರುಗಿಸಿಟ್ಟಿದ್ದರು! ಅವಧಿ ಮೀರಿ ಬಂದ ಪತ್ರವೆಂದು ಅದನ್ನು ಬದಿಗಿಟ್ಟರು. ಅಂದಿನಿಂದ ಇಪ್ಪತ್ತನೆಯ ದಿನಕ್ಕೇ ಇ-ಮೇಲ್ ಮತ್ತು ಸ್ಪೀಡ್ ಪೋಸ್ಟ್ ಎರಡರಲ್ಲೂ ಕಳುಹಿಸುತ್ತೇನೆ, ಕೈಯಲ್ಲಿ ಕೊಟ್ಟರೆ ಅಲ್ಲೇ ನಿಂತು ಮೊಹರನ್ನು ಓದುತ್ತೇನೆ.

ಇತ್ತೀಚೆಗೆ ಇಂಥ ಸಮಾಲೋಚನೆಯಿಂದ ಬಂದ ಕಾನೂನು ಯಾವುದಾದರೂ ಇದೆಯೇ?

ಗಿಗ್ ಕಾರ್ಮಿಕರ ಕಾನೂನನ್ನು ನೋಡಿ. ಊಟ ತಲುಪಿಸುವ, ಕ್ಯಾಬ್ ಓಡಿಸುವ ಆ್ಯಪ್ ಆಧಾರಿತ ಕಾರ್ಮಿಕರ ಸಾಮಾಜಿಕ ಭದ್ರತೆಗಾಗಿ ರಾಜ್ಯ ಸರ್ಕಾರ 2024ರ ಜೂನ್ ಕೊನೆಯಲ್ಲಿ ಕರಡು ಮಸೂದೆಯನ್ನು ಸಾರ್ವಜನಿಕರ ಮುಂದಿಟ್ಟಿತು. ಕಾರ್ಮಿಕ ಸಂಘಟನೆಗಳೂ ಕಂಪನಿಗಳೂ ಪಟ್ಟುಹಿಡಿದು ವಾದಿಸಿದವು. 2025ರ ಮೇ ತಿಂಗಳಲ್ಲಿ ಸುಗ್ರೀವಾಜ್ಞೆಯಾಗಿ, ಆಗಸ್ಟಿನಲ್ಲಿ ವಿಧಾನಮಂಡಲದ ಒಪ್ಪಿಗೆ ಪಡೆಯಿತು. ಪ್ರತಿ ವ್ಯವಹಾರದಲ್ಲಿ ಕಾರ್ಮಿಕರಿಗೆ ಸಲ್ಲುವ ಮೊತ್ತದ ಮೇಲೆ ಶೇ. 1ರಿಂದ 5ರವರೆಗೆ ಕಲ್ಯಾಣ ಶುಲ್ಕ, ಕೆಲಸದಿಂದ ತೆಗೆಯುವ ಮುನ್ನ ಹದಿನಾಲ್ಕು ದಿನಗಳ ನೋಟಿಸ್ ಮುಂತಾದವು ಅದರಲ್ಲಿವೆ. ಅದರ ನಿಜವಾದ ಬಲಾಬಲ ತಿಳಿಯುವುದು ಕಾಯ್ದೆಯನ್ನು ಓದಿದಾಗಲ್ಲ, ಶುಲ್ಕದ ಅಧಿಸೂಚನೆಗಳನ್ನೂ ನಿಯಮಗಳನ್ನೂ ಓದಿದಾಗ.

ಕನ್ನಡ ಎಷ್ಟು ಬೇಕು?

ಸಂವಿಧಾನದ 348ನೇ ವಿಧಿಯ ಪ್ರಕಾರ ಹೈಕೋರ್ಟಿನ ಕಲಾಪ ಇಂಗ್ಲಿಷಿನಲ್ಲಿ ನಡೆಯುತ್ತದೆ. 2024ರ ಡಿಸೆಂಬರಿನಲ್ಲಿ ವಿಭಾಗೀಯ ಪೀಠವೊಂದು ಕನ್ನಡದಲ್ಲಿ ತೀರ್ಪು ಓದಿದ್ದು ಸುದ್ದಿಯಾದದ್ದು ಅದು ಅಪರೂಪವಾದ್ದರಿಂದಲೇ. ಆದರೆ ನೀತಿಯ ಕೆಲಸದಲ್ಲಿ ಲೆಕ್ಕ ತಲೆಕೆಳಗು. ಸಚಿವಾಲಯದ ಕಡತದ ಟಿಪ್ಪಣಿ ಕನ್ನಡದಲ್ಲಿರುತ್ತದೆ, ಸರ್ಕಾರದ ನಡಾವಳಿಗಳು ಕನ್ನಡದಲ್ಲಿರುತ್ತವೆ, ಸದನದ ಚರ್ಚೆ ಕನ್ನಡದಲ್ಲಿ ನಡೆಯುತ್ತದೆ. ಇಂಗ್ಲಿಷಿನಲ್ಲಿ ಬರೆದ ಅರವತ್ತು ಪುಟದ ವರದಿಯ ಸಾರವನ್ನು ಯಾರೋ ಒಬ್ಬ ವಿಷಯ ನಿರ್ವಾಹಕರು ಅರ್ಧ ಪುಟ ಕನ್ನಡಕ್ಕೆ ಇಳಿಸುತ್ತಾರೆ, ಮಂತ್ರಿಗಳ ಮೇಜಿಗೆ ಹೋಗುವುದು ಆ ಅರ್ಧ ಪುಟ. ಅದನ್ನು ನೀವೇ ಬರೆದು ಲಗತ್ತಿಸುವುದು ಒಳ್ಳೆಯದು. ಪರಂತುಕ, ಅಧೀನ ಶಾಸನ, ಪೂರ್ವಾನ್ವಯ ಎಂಬ ಪದಗಳನ್ನು ನೋಡಿ ಗಾಬರಿಯಾಗಬೇಡಿ, ಒಂದು ತಿಂಗಳಲ್ಲಿ ಬಾಯಿಗೆ ಬರುತ್ತವೆ.

ನಮ್ಮಲ್ಲಿ ಹಿಂದೆ ಇಂಥವರು ಇದ್ದರೇ?

ಇದ್ದರು. 1918ರಲ್ಲಿ ಮೈಸೂರು ಸಂಸ್ಥಾನ ಸರ್ಕಾರಿ ಸೇವೆಯಲ್ಲಿ ಎಲ್ಲ ಸಮುದಾಯಗಳಿಗೆ ಪಾಲು ಕೊಡುವ ಬಗ್ಗೆ ನೇಮಿಸಿದ ಸಮಿತಿಯ ಅಧ್ಯಕ್ಷರು ಮುಖ್ಯ ನ್ಯಾಯಾಧೀಶ ಲೆಸ್ಲಿ ಮಿಲ್ಲರ್. ವಕೀಲರಾಗಿದ್ದ ಕೆಂಗಲ್ ಹನುಮಂತಯ್ಯನವರನ್ನು ಜನ ವಿಧಾನಸೌಧಕ್ಕಾಗಿ ನೆನೆಯುತ್ತಾರೆ. ಅವರು ಮುಂದೆ ಕೇಂದ್ರದ ಆಡಳಿತ ಸುಧಾರಣಾ ಆಯೋಗದ ಅಧ್ಯಕ್ಷರಾಗಿದ್ದುದನ್ನು ನೆನೆಯುವವರು ಕಡಿಮೆ.

ನನಗೆ ಹೆಚ್ಚು ಹತ್ತಿರವೆನಿಸುವುದು ಎಲ್.ಜಿ. ಹಾವನೂರರ ದಾರಿ. ವಕೀಲರಾಗಿದ್ದ ಅವರನ್ನು ದೇವರಾಜ ಅರಸರ ಸರ್ಕಾರ 1972ರಲ್ಲಿ ಹಿಂದುಳಿದ ವರ್ಗಗಳ ಆಯೋಗದ ಅಧ್ಯಕ್ಷರನ್ನಾಗಿ ಮಾಡಿತು. 1975ರಲ್ಲಿ ಅವರು ಕೊಟ್ಟ ವರದಿಯ ಆಧಾರದ ಮೇಲೆ 1977ರಲ್ಲಿ ಮೀಸಲಾತಿಯ ಆದೇಶ ಹೊರಟಿತು, ಅದು ನ್ಯಾಯಾಲಯಗಳಲ್ಲಿ ಪ್ರಶ್ನೆಗೊಳಗಾಯಿತು, ಆ ಚರ್ಚೆ 1985ರ ವಸಂತಕುಮಾರ್ ಪ್ರಕರಣದ ಮೂಲಕ ಸುಪ್ರೀಂ ಕೋರ್ಟಿನವರೆಗೆ ಹೋಯಿತು. ಕಾನೂನಿನ ಪರೀಕ್ಷೆ ಮುಂದೆ ಬರುತ್ತದೆಂದು ತಿಳಿದೇ ವರದಿ ಬರೆಯುವುದು ಹೇಗೆಂದು ಕಲಿಯಬಯಸುವವರು ಅದರ ಸಂಪುಟಗಳನ್ನು ತೆರೆದು ನೋಡಬೇಕು.

ಇನ್ನು ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಕರ್ನಾಟಕ ಹೈಕೋರ್ಟಿನಿಂದ ನಿವೃತ್ತರಾಗಿ ಬೆಂಗಳೂರಿನಲ್ಲಿ ನೆಲೆಸಿದ್ದ ಅವರು ಆಧಾರ್ ಯೋಜನೆಯನ್ನು ಪ್ರಶ್ನಿಸಿ ಸುಪ್ರೀಂ ಕೋರ್ಟಿಗೆ ಹೋದದ್ದು 2012ರಲ್ಲಿ, ಆಗ ಅವರ ವಯಸ್ಸು 86. ಖಾಸಗಿತನ ಮೂಲಭೂತ ಹಕ್ಕೆಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಹೇಳಿತು. ವೈಯಕ್ತಿಕ ದತ್ತಾಂಶದ ರಕ್ಷಣೆಗೆ ಕಾಯ್ದೆ ಬಂದದ್ದು ಮತ್ತೆ ಆರು ವರ್ಷಗಳ ನಂತರ.

ಮಗಳನ್ನು ಈ ವೃತ್ತಿಗೆ ಕಳುಹಿಸಬಹುದೇ?

ಇದನ್ನು ಕೇಳುವ ತಂದೆಯವರಿಗೆ ನಾನು, 'ನನ್ನ ಎದುರು ಕೂತು ಕೇಳುತ್ತಿದ್ದೀರಲ್ಲ' ಎನ್ನುತ್ತೇನೆ. ಭಾರತದಲ್ಲಿ ಹೆಣ್ಣುಮಕ್ಕಳು ವಕೀಲಿಕೆ ಮಾಡಲು ಇದ್ದ ಕಾನೂನಿನ ಅಡ್ಡಿ 1923ರ ಕಾಯ್ದೆಯಿಂದ ಹೋಯಿತು. 1987ರಲ್ಲಿ ಬೆಂಗಳೂರಿನಲ್ಲಿ ವಕೀಲಿಕೆ ಆರಂಭಿಸಿದ ಬಿ.ವಿ. ನಾಗರತ್ನ ಅವರು 2021ರಲ್ಲಿ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಯಾದರು. ಹಾಗೆಂದು ದಾರಿ ಸಲೀಸಾಗಿದೆ ಎನ್ನಲಾರೆ. 'ಮೇಡಂ, ನೀವು ಡೈವೋರ್ಸ್ ಕೇಸು ಮಾತ್ರ ಮಾಡೋದಾ?' ಎಂಬ ಪ್ರಶ್ನೆ ಇಂದಿಗೂ ಬರುತ್ತದೆ. ಸಮಿತಿಯ ಸಭೆಗಳಲ್ಲಿ ನಡಾವಳಿ ಬರೆದುಕೊಳ್ಳುವ ಕೆಲಸ ತಾನಾಗಿಯೇ ನಮ್ಮತ್ತ ಜಾರುತ್ತದೆ. ಅದನ್ನು ನಾನು ಬೇಡವೆನ್ನುವುದಿಲ್ಲ, ಏಕೆಂದರೆ ಸಭೆಯಲ್ಲಿ ಏನು ತೀರ್ಮಾನವಾಯಿತೆಂಬುದನ್ನು ಕೊನೆಗೆ ಹೇಳುವುದು ಆ ನಡಾವಳಿಯೇ.

ರಾಜಕೀಯ ಪಕ್ಷ ಸೇರಬೇಕೇ?

ಸೇರಬಹುದು, ಸೇರದೆಯೂ ಇರಬಹುದು. ನಾನು ಸೇರಿಲ್ಲ. ಆಡಳಿತ ಪಕ್ಷ ಬದಲಾದ ಮರುದಿನವೂ ಅದೇ ಅಧೀನ ಕಾರ್ಯದರ್ಶಿಯ ಕೊಠಡಿಗೆ ಹೋಗಬೇಕಾಗುತ್ತದೆ.

ನಿಮ್ಮ ಚೇಂಬರಿಗೆ ಇಂಟರ್ನ್‌ಶಿಪ್‌ಗೆ ಬರುವವರು ಏನು ತರಬೇಕು?

ಲ್ಯಾಪ್‌ಟಾಪ್ ಬೇಕಿಲ್ಲ, ಇಲ್ಲಿದೆ. ಬರುವ ಮುನ್ನ ಕರ್ನಾಟಕ ರಾಜ್ಯಪತ್ರದ ಜಾಲತಾಣದಿಂದ ಯಾವುದಾದರೂ ಒಂದು ಕರಡು ನಿಯಮವನ್ನು ಇಳಿಸಿಕೊಂಡು, ಮುದ್ರಿಸಿ, ಎರಡು ಬಾರಿ ಓದಿ, ನಿಮಗೆ ಅರ್ಥವಾಗದ ಸಾಲುಗಳಿಗೆ ಗೆರೆ ಎಳೆದು ತನ್ನಿ. ಹಿಂದಿನ ವರ್ಷ ಬಂದ ಹಾಸನದ ಹುಡುಗನೊಬ್ಬ ಒಂದೇ ಒಂದು ಸಾಲಿಗೆ ಗೆರೆ ಎಳೆದು ತಂದಿದ್ದ. ನಾನು ಎರಡು ಬಾರಿ ಓದಿಯೂ ಗಮನಿಸದ ಸಾಲು ಅದು: ಮೇಲ್ಮನವಿಯನ್ನು ಯಾರಿಗೆ ಸಲ್ಲಿಸಬೇಕೋ ಆ ಪ್ರಾಧಿಕಾರಿಯೂ, ಮೊದಲು ಆದೇಶ ಮಾಡಿದ ಪ್ರಾಧಿಕಾರಿಯೂ ಒಬ್ಬರೇ ಆಗಿದ್ದರು. ಆಕ್ಷೇಪಣೆಯನ್ನು ಅವನಿಂದಲೇ ಬರೆಸಿ, ಇಪ್ಪತ್ತನೆಯ ದಿನಕ್ಕೆ ಕಳುಹಿಸಿದೆವು.